ನಾಮನಿರ್ದೇಶನ: ಪದದ ಅರ್ಥ ಮತ್ತು ಬಳಕೆ

ಒಂದು ಹುದ್ದೆಗೆ, ಸದನದ ಸ್ಥಾನಕ್ಕೆ, ಪ್ರಶಸ್ತಿಗೆ ಅಥವಾ ಹಕ್ಕಿಗೆ ಇಂಥವರು ಎಂದು ಒಬ್ಬರ ಹೆಸರನ್ನು ವಿಧಿಪ್ರಕಾರ ಮುಂದಿಡುವುದೇ ನಾಮನಿರ್ದೇಶನ. ‘ನಾಮ’ದ ಅರ್ಥ ಎಲ್ಲರಿಗೂ ತಿಳಿದದ್ದೇ. ‘ನಿರ್ದೇಶನ’ದ ಒಳಗಿರುವುದು ‘ದಿಶ್’ ಎಂಬ ಸಂಸ್ಕೃತ ಧಾತು. ತೋರಿಸು, ಬೊಟ್ಟು ಮಾಡು ಎಂಬುದು ಅದರ ಅರ್ಥ. ದಿಕ್ಕು, ದೇಶ, ಆದೇಶ, ಉಪದೇಶಗಳೆಲ್ಲ ಇದೇ ಬೇರಿನವು. ಪದವನ್ನು ಬಿಡಿಸಿ ನೋಡಿದರೆ ಸಿಗುವುದು ಹೆಸರಿನತ್ತ ಬೊಟ್ಟು ಮಾಡುವುದು ಎಂಬಷ್ಟೇ ಅರ್ಥ. ಆಡಳಿತದ ಕನ್ನಡದಲ್ಲಿ ಇದು ಇಂಗ್ಲಿಷಿನ ನಾಮಿನೇಶನ್‌ಗೆ ಸಾಟಿಯಾಗಿ ನಿಂತಿದೆ. ಆ ಪದ ಹುಟ್ಟಿದ್ದು ಲ್ಯಾಟಿನ್ನಿನ ‘ನೋಮೆನ್’ನಿಂದ, ನೋಮೆನ್ ಮತ್ತು ನಾಮ ಒಂದೇ ಇಂಡೋ-ಯುರೋಪಿಯನ್ ಮೂಲದ ಒಡಹುಟ್ಟುಗಳು. ಬೊಟ್ಟು ಮಾಡಿದವರೇ ಆರಿಸಬೇಕೆಂಬ ನಿಯಮ ಎರಡು ಭಾಷೆಗಳ ಪದಮೂಲದಲ್ಲೂ ಇಲ್ಲ. ಇಷ್ಟಾದರೂ ಇಂದಿನ ಕನ್ನಡದಲ್ಲಿ ‘ನಾಮನಿರ್ದೇಶನ’ವು ಒಂದಕ್ಕೊಂದು ಎದುರಾಗಿ ನಿಲ್ಲುವ ಎರಡು ಕೆಲಸಗಳನ್ನು ಸೂಚಿಸುತ್ತದೆ. ಒಂದು ಕಡೆ ಅದು ತೀರ್ಮಾನಕ್ಕೆ ಮುನ್ನಿನ ಸೂಚನೆ. ಇನ್ನೊಂದು ಕಡೆ ತೀರ್ಮಾನವೇ ಮುಗಿದ ನೇಮಕ. ಚುನಾವಣೆಗೆ ನಿಂತವರೂ ನಾಮನಿರ್ದೇಶಿತರು, ಚುನಾವಣೆಯೇ ಇಲ್ಲದೆ ಸದನಕ್ಕೆ ಬಂದವರೂ ನಾಮನಿರ್ದೇಶಿತರು. ಹೆಸರಿಸುವ ಕೈ ಮತ್ತು ತೀರ್ಮಾನಿಸುವ ಕೈ ಬೇರೆಬೇರೆಯಾಗಿರುವಲ್ಲಿ ಮಾತ್ರ ಈ ಪದ ತನ್ನ ಪೂರ್ಣ ಅರ್ಥದಲ್ಲಿ ನಿಲ್ಲುತ್ತದೆ ಎಂಬುದು ಈ ಲೇಖನದ ವಾದ. ಅವೆರಡೂ ಒಂದಾದಾಗ ಪದವೇನೋ ಉಳಿಯುತ್ತದೆ, ಆದರೆ ಅದು ಹೇಳಬೇಕಾದ ಸಂಗತಿ ಮರೆಯಾಗುತ್ತದೆ.

ಕನ್ನಡದ ದಿನಬಳಕೆ ಈ ವ್ಯತ್ಯಾಸವನ್ನು ಪದಕೋಶಗಳಿಗಿಂತ ಚೆನ್ನಾಗಿ ಬಲ್ಲದು. ಚುನಾವಣೆಯ ಹೊತ್ತಿನಲ್ಲಿ ಯಾರೂ ‘ನಾಮನಿರ್ದೇಶನ ಸಲ್ಲಿಸಿದರು’ ಎನ್ನುವುದಿಲ್ಲ. ‘ನಾಮಪತ್ರ ಸಲ್ಲಿಸಿದರು’ ಎನ್ನುತ್ತಾರೆ. ಪಕ್ಷ ಯಾರನ್ನು ನಿಲ್ಲಿಸಬೇಕೆಂದು ಗೊತ್ತುಮಾಡುವುದಕ್ಕೆ ‘ಟಿಕೆಟ್’ ಎಂಬ ಪದವಿದೆ. ಆ ಟಿಕೆಟ್ಟಿನ ಕಾಗದದ ರೂಪವೇ ‘ಬಿ ಫಾರಂ’. ಅದು ಕೈಗೆ ಬರುವ ತನಕ ಟಿಕೆಟ್ ಸಿಕ್ಕಿದೆ ಎಂದು ಯಾವ ಅನುಭವಿ ರಾಜಕಾರಣಿಯೂ ನಂಬುವುದಿಲ್ಲ. ಸ್ಪರ್ಧೆಗೆ ನಿಲ್ಲುವ ಸ್ಥಿತಿಗೆ ‘ಉಮೇದುವಾರಿಕೆ’ ಎಂಬ ಪದ ಉಂಟು. ಸರಕಾರವು ಪರಿಷತ್ತಿಗೋ ಪುರಸಭೆಗೋ ಸದಸ್ಯರನ್ನು ಕಳಿಸುವುದಕ್ಕೆ ‘ನಾಮನಿರ್ದೇಶನ’ ಅಥವಾ ‘ನಾಮಕರಣ’ ಎಂಬ ಪದಗಳಿವೆ. ಬ್ಯಾಂಕಿನಲ್ಲಿ ‘ನಾಮಿನಿ’ ಎಂಬ ಪದ ಹಾಗೆಯೇ ನಿಂತುಬಿಟ್ಟಿದೆ. ಹೆಸರು ಮುಂದಿಡಲ್ಪಟ್ಟ ವ್ಯಕ್ತಿಯನ್ನು ಕರೆಯುವ ಪದಗಳೂ ತಮ್ಮತಮ್ಮ ಚರಿತ್ರೆಯನ್ನು ಹೊತ್ತಿವೆ. ಸಂಸ್ಕೃತದ ‘ಅಭ್ಯರ್ಥಿ’ ಬೇಡುವವನು. ಪಾರಸಿಯಿಂದ ಬಂದ ‘ಉಮೇದುವಾರ’ ಆಸೆ ಇಟ್ಟುಕೊಂಡವನು. ಪತ್ರಿಕೆಗಳ ತಲೆಬರಹದಲ್ಲಿ ಕಾಣುವ ‘ಹುರಿಯಾಳು’ ಕಣಕ್ಕಿಳಿಯುವ ಗಟ್ಟಿಗ. ಇಂಗ್ಲಿಷಿನ ಕ್ಯಾಂಡಿಡೇಟ್ ಕೂಡ ಹೀಗೆಯೇ: ಪ್ರಾಚೀನ ರೋಮಿನಲ್ಲಿ ಹುದ್ದೆ ಬಯಸಿದವರು ಬಿಳುಪೇರಿಸಿದ ನಿಲುವಂಗಿ ತೊಟ್ಟು ಜನರ ಮುಂದೆ ಓಡಾಡುತ್ತಿದ್ದುದರಿಂದ ‘ಬಿಳಿಯುಟ್ಟವನು’ ಎಂಬ ಅರ್ಥದ ಪದ ಅವರಿಗೆ ಅಂಟಿತು. ಬೇಡುವವನು, ಆಸೆಪಡುವವನು, ಸೆಣಸುವವನು, ಬಿಳಿಯುಟ್ಟವನು: ನಾಲ್ಕು ಹೆಸರುಗಳಲ್ಲಿ ಒಂದೂ ‘ಪಡೆದವನು’ ಎಂದು ಹೇಳುವುದಿಲ್ಲ. ತೀರ್ಮಾನ ಇನ್ನೂ ಬಾಕಿ ಇದೆ ಎಂಬ ಭಾವ ಎಲ್ಲದರಲ್ಲೂ ಇದೆ.

ಭಾರತದ ಚುನಾವಣಾ ಕಾನೂನು ಈ ಬಾಕಿಯನ್ನೇ ಹಂತಹಂತವಾಗಿ ಕಟ್ಟಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಅಧಿಸೂಚನೆ ಹೊರಟ ಏಳನೆಯ ದಿನ ನಾಮಪತ್ರ ಸಲ್ಲಿಕೆಗೆ ಕೊನೆ, ಮರುದಿನ ಪರಿಶೀಲನೆ, ಅದಾದ ಎರಡನೆಯ ದಿನ ವಾಪಸು ಪಡೆಯಲು ಕಡೆಯ ಅವಕಾಶ. ನಾಮಪತ್ರವನ್ನು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ಒಳಗೆ ಚುನಾವಣಾಧಿಕಾರಿಯ ಮುಂದಿಡಬೇಕು. ಒಬ್ಬರು ಒಂದು ಕ್ಷೇತ್ರಕ್ಕೆ ಹೆಚ್ಚೆಂದರೆ ನಾಲ್ಕು ಪ್ರತಿ ಸಲ್ಲಿಸಬಹುದು. ಇದೆಲ್ಲ ಕಚೇರಿಯ ಕ್ರಮ. ಅರ್ಥದ ದೃಷ್ಟಿಯಿಂದ ನಿಜಕ್ಕೂ ಗಮನಿಸಬೇಕಾದವರು ಸೂಚಕರು. ಅಭ್ಯರ್ಥಿ ಎಷ್ಟೇ ದೊಡ್ಡವರಿರಲಿ, ಅವರ ನಾಮಪತ್ರಕ್ಕೆ ಆ ಕ್ಷೇತ್ರದ ಮತದಾರರೊಬ್ಬರ ಸಹಿ ಬೇಕೇ ಬೇಕು. ಲೋಕಸಭೆಗೆ ನಿಲ್ಲುವವರು ದೇಶದ ಯಾವ ಕ್ಷೇತ್ರದ ಮತದಾರರಾದರೂ ಆಗಿರಬಹುದು, ಸೂಚಕರು ಮಾತ್ರ ಆ ನೆಲದವರೇ ಆಗಿರಬೇಕು. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ, 1999ರಲ್ಲಿ ಸೋನಿಯಾ ಗಾಂಧಿ ಬಳ್ಳಾರಿಯಿಂದ ಸ್ಪರ್ಧಿಸಿದಾಗ ಇಬ್ಬರೂ ಹೊರಗಿನವರು. ಆದರೂ ಕಾನೂನಿನ ಕಣ್ಣಿನಲ್ಲಿ ಅವರ ಹೆಸರನ್ನು ಮುಂದಿಟ್ಟದ್ದು ಚಿಕ್ಕಮಗಳೂರಿನ, ಬಳ್ಳಾರಿಯ ಮತದಾರರು. ಇದನ್ನು ಬರಿಯ ಔಪಚಾರಿಕತೆ ಎಂದು ತಳ್ಳಿಹಾಕುವವರಿದ್ದಾರೆ, ಏಕೆಂದರೆ ಸೂಚಕರನ್ನು ಹುಡುಕಿ ತರುವುದು ಪಕ್ಷದ ಕಾರ್ಯಕರ್ತರೇ. ಆ ಮಾತು ನಡವಳಿಕೆಯ ಮಟ್ಟಿಗೆ ನಿಜ. ಆದರೆ ತಾನೇ ತನ್ನನ್ನು ಹೆಸರಿಸಿಕೊಳ್ಳಲಾಗದು, ಇನ್ನೊಬ್ಬರ ಬಾಯಿಂದ ಹೆಸರು ಬರಬೇಕು ಎಂಬ ತತ್ವವನ್ನು ಕಾಯ್ದೆ ಅಷ್ಟು ಸಣ್ಣ ಸಹಿಯಲ್ಲಿ ಹಿಡಿದಿಟ್ಟಿದೆ. ಮೊದಲ ಮಹಾಚುನಾವಣೆಯ ಕಾಲದಲ್ಲಿ ಸೂಚಕರ ಜೊತೆಗೆ ಅನುಮೋದಕರೂ ಬೇಕಾಗಿದ್ದರು; 1956ರ ತಿದ್ದುಪಡಿ ಅನುಮೋದಕರನ್ನು ಕೈಬಿಟ್ಟಿತು. ಈ ಜೋಡಿ ಬಂದದ್ದು ಬ್ರಿಟನ್ನಿನ ಹಳೆಯ ಪದ್ಧತಿಯಿಂದ. ಅಲ್ಲಿ 1872ರ ಮತಪತ್ರ ಕಾಯ್ದೆಯ ತನಕ ಕಟ್ಟಿಗೆಯ ಅಟ್ಟಣಿಗೆಯ ಮೇಲೆ ನಿಂತು, ಜನಜಂಗುಳಿಯ ಮುಂದೆ, ಒಬ್ಬರು ಹೆಸರು ಸೂಚಿಸಿ ಇನ್ನೊಬ್ಬರು ಅನುಮೋದಿಸಬೇಕಿತ್ತು. ಆ ಕಾಯ್ದೆ ಅಟ್ಟಣಿಗೆಯನ್ನು ಕಿತ್ತುಹಾಕಿ ಕಾಗದವನ್ನು ತಂದಿತು. ಕನ್ನಡದ ನಾಮಪತ್ರದಲ್ಲಿರುವ ‘ಪತ್ರ’ ಆ ಬದಲಾವಣೆಯ ಕುರುಹು: ಒಂದು ಕಾಲಕ್ಕೆ ಕೂಗಿ ಹೇಳಿದ ಹೆಸರು ಈಗ ಬರೆದು ಕೊಡುವ ಹೆಸರಾಗಿದೆ.

ಹೆಸರು ಬರೆದಿಟ್ಟು ತೀರ್ಮಾನವನ್ನು ಬೇರೆಡೆಗೆ ಬಿಡುವ ಏರ್ಪಾಡಿಗೆ ನಮ್ಮ ನೆರೆಯಲ್ಲೇ ಇನ್ನೂ ಹಳೆಯ ಸಾಕ್ಷಿಯಿದೆ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ಅರಸ ಒಂದನೆಯ ಪರಾಂತಕನ ಕಾಲದ, ಹತ್ತನೆಯ ಶತಮಾನದ ಮೊದಲ ಭಾಗದ ಶಾಸನಗಳು ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಬಗೆಯನ್ನು ವಿವರಿಸುತ್ತವೆ. ಊರಿನ 30 ವಾರ್ಡುಗಳಲ್ಲಿ ಅರ್ಹರ ಹೆಸರುಗಳನ್ನು ಓಲೆಗರಿಯ ಚೀಟಿಗಳ ಮೇಲೆ ಬರೆದು ಮಡಕೆಗೆ ಹಾಕಬೇಕು. ಚಿಕ್ಕ ಹುಡುಗನೊಬ್ಬ ಅದರಿಂದ ಒಂದು ಚೀಟಿ ಎತ್ತಬೇಕು. ಹೆಸರು ಮಡಕೆಗೆ ಬೀಳಬೇಕಾದರೆ ಭೂಮಿ, ಮನೆ, ವಿದ್ಯೆ ಇರಬೇಕು, ವಯಸ್ಸು 35ಕ್ಕೂ 70ಕ್ಕೂ ನಡುವೆ ಇರಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರ ಹೆಸರು ಹಾಕುವಂತಿಲ್ಲ. ಇಂದಿನ ನಾಮಪತ್ರದ ಜೊತೆ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರವಿರುವ ಪ್ರಮಾಣಪತ್ರವನ್ನು ಲಗತ್ತಿಸಬೇಕೆಂಬ ನಿಯಮ 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಂತು. ಅದರ ಹಿಂದಿನ ಕಾಳಜಿ ಓಲೆಗರಿಯ ಕಾಲದ ಆ ಲೆಕ್ಕದ ನಿಯಮಕ್ಕೆ ಹತ್ತಿರದ್ದು. ಉತ್ತರಮೇರೂರಿನದು ಎಲ್ಲರ ಪ್ರಜಾಪ್ರಭುತ್ವವಾಗಿರಲಿಲ್ಲ. ಬ್ರಾಹ್ಮಣ ಅಗ್ರಹಾರದ, ಭೂಮಿಯುಳ್ಳ ಗಂಡಸರ ಸಭೆ ಅದು. ಹೆಸರಿಸುವಿಕೆಯ ಚರಿತ್ರೆಗೆ ಅದು ಮುಖ್ಯವಾಗುವ ಕಾರಣ ಬೇರೆ. ಬರೆದವರ ಕೈ ಚೀಟಿ ಎತ್ತಬಾರದು ಎಂಬ ಎಚ್ಚರ ಅಲ್ಲಿ ಕಲ್ಲಿನ ಮೇಲೆ ಕೆತ್ತಿದ ಕಟ್ಟಳೆಯಾಗಿದೆ.

ಹೆಸರಿಸುವುದು ಬರಿಯ ಆರಂಭವಾದರೆ ಅದನ್ನು ಎಷ್ಟು ಸುಲಭವಾಗಿಡಬೇಕು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ನಮ್ಮ ದೇಶ ಕೊಟ್ಟ ಉತ್ತರ 1996ರಲ್ಲಿ ಬದಲಾಯಿತು, ಆ ಬದಲಾವಣೆಯಲ್ಲಿ ಬೆಳಗಾವಿಗೂ ಪಾತ್ರವಿದೆ. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ 543 ಸ್ಥಾನಗಳಿಗೆ 13,952 ಮಂದಿ ಕಣದಲ್ಲಿದ್ದರು. ಆಂಧ್ರದ ನಲ್ಗೊಂಡದಲ್ಲಿ 480, ಬೆಳಗಾವಿಯಲ್ಲಿ 456 ಅಭ್ಯರ್ಥಿಗಳು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರವೊಂದರಲ್ಲೇ 1,033. ಇವರಲ್ಲಿ ಬಹುಪಾಲು ಜನ ಗೆಲ್ಲಲು ನಿಂತವರಲ್ಲ. ನಲ್ಗೊಂಡದಲ್ಲಿ ನೀರಿನ ಸಂಕಟ, ಮೊಡಕುರಿಚಿಯಲ್ಲಿ ರೈತರ ಅಳಲು, ಬೆಳಗಾವಿಯಲ್ಲಿ ಗಡಿ ವಿವಾದ ನಾಮಪತ್ರಗಳ ರೂಪ ತಾಳಿದ್ದವು. ಆಗ ಲೋಕಸಭೆಗೆ ಠೇವಣಿ 500 ರೂಪಾಯಿ, ವಿಧಾನಸಭೆಗೆ 250. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ ಠೇವಣಿ ಕ್ರಮವಾಗಿ 10,000 ಮತ್ತು 5,000ಕ್ಕೆ ಏರಿತು. ಪಕ್ಷೇತರರಿಗೆ ಹತ್ತು ಸೂಚಕರು ಬೇಕೆಂಬ ನಿಯಮ ಬಂತು. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲುವಂತಿಲ್ಲ ಎಂದಾಯಿತು. 1998ರ ಚುನಾವಣೆಯಲ್ಲಿ ಅಭ್ಯರ್ಥಿಗಳ ಸಂಖ್ಯೆ 4,750ಕ್ಕೆ ಇಳಿಯಿತು. ಮುಂದೆ ಠೇವಣಿ 25,000 ಮತ್ತು 10,000ಕ್ಕೆ ಏರಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಚಲಾಯಿತವಾದ ಸಿಂಧು ಮತಗಳ ಆರನೆಯ ಒಂದು ಭಾಗ ದಕ್ಕದಿದ್ದರೆ ಹಣ ಹೋಯಿತು. ‘ಠೇವಣಿ ಕಳೆದುಕೊಂಡರು’ ಎಂಬ ಮಾತು ಕನ್ನಡದಲ್ಲಿ ಹೀನಾಯ ಸೋಲಿನ ನುಡಿಗಟ್ಟಾದದ್ದು ಇಲ್ಲಿಂದ. ಈ ಬಿಗಿತ ಸರಿಯೇ? ಪುಸ್ತಕದಷ್ಟು ದಪ್ಪದ ಮತಪತ್ರದಲ್ಲಿ ಮತದಾರ ತನಗೆ ಬೇಕಾದ ಹೆಸರು ಹುಡುಕಲಾಗದಿದ್ದರೆ ತೀರ್ಮಾನಿಸುವ ಹಕ್ಕೇ ಕುಂದುತ್ತದೆ, ಆದ್ದರಿಂದ ಹೆಸರಿಸುವಿಕೆಗೆ ಜರಡಿ ಬೇಕು ಎಂಬ ವಾದಕ್ಕೆ ತೂಕವಿದೆ. ಆದರೆ ಜರಡಿ ಹಣದ್ದಾದಾಗ ಅದು ಸೋಸುವುದು ಆಟಕ್ಕೆ ನಿಂತವರನ್ನಷ್ಟೇ ಅಲ್ಲ, ಬಡವರನ್ನೂ. ಎರಡರಲ್ಲಿ ಒಂದನ್ನು ಹೆಚ್ಚಿಸಲೇಬೇಕಿದ್ದರೆ ಸೂಚಕರ ಸಂಖ್ಯೆಯನ್ನು ಹೆಚ್ಚಿಸುವುದು ಪದದ ಅರ್ಥಕ್ಕೆ ಹತ್ತಿರದ ದಾರಿ. ಹತ್ತು ನೆರೆಹೊರೆಯವರ ಸಹಿ ಇನ್ನೊಬ್ಬರ ಬಾಯಿಂದ ಬಂದ ಹೆಸರಿಗೆ ಪುರಾವೆ, ಇಪ್ಪತ್ತೈದು ಸಾವಿರ ರೂಪಾಯಿ ಜೇಬಿಗೆ ಮಾತ್ರ ಪುರಾವೆ. ರಾಷ್ಟ್ರಪತಿ ಚುನಾವಣೆಯಲ್ಲಿ ಕಾನೂನು ಹೆಚ್ಚು ಭಾರ ಹಾಕಿದ್ದು ಸಹಿಗಳ ಮೇಲೆಯೇ: 1997ರಿಂದ 50 ಸೂಚಕರು, 50 ಅನುಮೋದಕರು, ಠೇವಣಿ ಮಾತ್ರ 15,000.

ಹೆಸರಿಸುವುದು ಬೇರೆ, ತೀರ್ಮಾನಿಸುವುದು ಬೇರೆ ಎಂಬ ವಾದಕ್ಕೆ ಅತಿ ಗಟ್ಟಿಯಾದ ಆಕ್ಷೇಪ ಅವಿರೋಧ ಆಯ್ಕೆಯಿಂದ ಬರುತ್ತದೆ. ವಾಪಸಾತಿಯ ಗಡುವು ಮುಗಿದಾಗ ಕಣದಲ್ಲಿ ಒಂದೇ ಹೆಸರು ಉಳಿದರೆ ಮತದಾನವೇ ಇಲ್ಲ. ನಾಮಪತ್ರವೇ ಗೆಲುವಿನ ಪತ್ರವಾಗುತ್ತದೆ. 1977ರಲ್ಲಿ, ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ತಿಂಗಳುಗಳಲ್ಲಿ ನಡೆದ ರಾಷ್ಟ್ರಪತಿ ಚುನಾವಣೆಗೆ 37 ಮಂದಿ ನಾಮಪತ್ರ ಸಲ್ಲಿಸಿದ್ದರು. ಪರಿಶೀಲನೆಯಲ್ಲಿ 36 ತಿರಸ್ಕೃತವಾಗಿ ನೀಲಂ ಸಂಜೀವ ರೆಡ್ಡಿ ಒಂದೂ ಮತ ಚಲಾವಣೆಯಾಗದೆ ಆಯ್ಕೆಯಾದರು. 2024ರಲ್ಲಿ ಗುಜರಾತಿನ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಸಹಿ ತಮ್ಮದಲ್ಲವೆಂದು ಸೂಚಕರು ಹೇಳಿದ್ದರಿಂದ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು, ಕಣದಲ್ಲಿದ್ದ ಇತರರು ವಾಪಸು ಪಡೆದರು, ಬಿಜೆಪಿ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದರು. ಒಂದು ಇಡೀ ಲೋಕಸಭಾ ಕ್ಷೇತ್ರದ ಮತದಾರರು ಮತಗಟ್ಟೆಗೆ ಹೋಗಲೇ ಇಲ್ಲ. ಕರ್ನಾಟಕದಲ್ಲಿ 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಕೆಲವೆಡೆ ಸ್ಥಾನಗಳನ್ನು ಹರಾಜು ಹಾಕಿ, ಹೆಚ್ಚು ಕೂಗಿದವರೊಬ್ಬರದೇ ನಾಮಪತ್ರ ಬರುವಂತೆ ಊರವರು ಒಪ್ಪಂದ ಮಾಡಿಕೊಂಡ ಸುದ್ದಿಗಳು ಬಂದವು. ಇವೆಲ್ಲ ನನ್ನ ವಾದವನ್ನು ಒಡೆಯುತ್ತವೆಯೇ? ಅವು ತೋರಿಸುವುದು ಬೇರೆಯದನ್ನೇ ಎಂದು ನನಗನ್ನಿಸುತ್ತದೆ. ಹೆಸರಿಸುವ ಹಂತದಲ್ಲೇ ತೀರ್ಮಾನ ಆಗಿಹೋದಾಗ ನಮಗೆ ಏನೋ ಕಳವಾಯಿತೆಂದು ಅನ್ನಿಸುವುದೇ ಅವೆರಡೂ ಬೇರೆಯಾಗಿರಬೇಕೆಂದು ನಾವು ಬಲ್ಲೆವು ಎಂಬುದಕ್ಕೆ ಸಾಕ್ಷಿ. ಕಾಯ್ದೆಯೂ ಇದನ್ನು ಬಲ್ಲದು. ಮುಖ್ಯವಲ್ಲದ ಲೋಪಕ್ಕಾಗಿ ನಾಮಪತ್ರವನ್ನು ತಿರಸ್ಕರಿಸಬಾರದು ಎಂದು ಅದರ 36ನೆಯ ಸೆಕ್ಷನ್ ಹೇಳುವುದು ಪರಿಶೀಲನೆಯ ಮೇಜು ಮತಗಟ್ಟೆಯ ಜಾಗ ಕಸಿಯಬಾರದೆಂದು. 1952ರಲ್ಲಿ ಪೊನ್ನುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಚುನಾವಣೆ ಎಂದರೆ ಅಧಿಸೂಚನೆಯಿಂದ ಫಲಿತಾಂಶದ ತನಕದ ಇಡೀ ನಡೆ, ನಾಮಪತ್ರ ತಿರಸ್ಕಾರವನ್ನು ನಡುವೆ ಪ್ರಶ್ನಿಸಲಾಗದು, ಮುಗಿದ ಮೇಲೆ ಚುನಾವಣಾ ತಕರಾರು ಅರ್ಜಿಯಲ್ಲೇ ಪ್ರಶ್ನಿಸಬೇಕು ಎಂದಿತು. ಹೆಸರಿಸುವಿಕೆ ಚುನಾವಣೆಯ ಅಂಗ ಎಂಬುದನ್ನು ಆ ತೀರ್ಪು ಖಚಿತಪಡಿಸಿತು. ಅಂಗವನ್ನೇ ಇಡೀ ದೇಹ ಎಂದು ಅದು ಹೇಳಲಿಲ್ಲ.

ಇನ್ನು ‘ನಾಮನಿರ್ದೇಶಿತ ಸದಸ್ಯ’ರ ಕಡೆಗೆ ಬಂದರೆ ಚಿತ್ರ ತಿರುಗುಮುರುಗಾಗುತ್ತದೆ. ಇಲ್ಲಿ ಹೆಸರು ಪ್ರಕಟವಾಗುವ ಹೊತ್ತಿಗೆ ತೀರ್ಮಾನ ಮುಗಿದಿರುತ್ತದೆ. ಪದ ಈ ಅರ್ಥಕ್ಕೆ ಹೇಗೆ ಬಂತೆಂಬುದಕ್ಕೆ ವಸಾಹತು ಕಾಲದ ಶಾಸನಸಭೆಗಳನ್ನು ನೋಡಬೇಕು. 1892ರ ಭಾರತೀಯ ಪರಿಷತ್ತುಗಳ ಕಾಯ್ದೆ ‘ಚುನಾವಣೆ’ ಎಂಬ ಪದವನ್ನು ಬೇಕೆಂದೇ ದೂರವಿಟ್ಟಿತು. ಪುರಸಭೆಗಳು, ಜಿಲ್ಲಾ ಮಂಡಳಿಗಳು, ವಿಶ್ವವಿದ್ಯಾಲಯಗಳು ಹೆಸರುಗಳನ್ನು ಶಿಫಾರಸು ಮಾಡುತ್ತಿದ್ದವು, ಸರಕಾರ ಆ ಹೆಸರುಗಳನ್ನು ನಾಮಿನೇಟ್ ಮಾಡುತ್ತಿತ್ತು. ಅಂದರೆ ನಿಜವಾಗಿ ಹೆಸರಿಸುತ್ತಿದ್ದವರದು ‘ಶಿಫಾರಸು’, ನಿಜವಾಗಿ ನೇಮಿಸುತ್ತಿದ್ದವರದು ‘ನಾಮಿನೇಶನ್’. ಜನರಿಗೆ ಆರಿಸುವ ಹಕ್ಕಿದೆ ಎಂದು ಒಪ್ಪಿಕೊಳ್ಳದೆ ಆರಿಸುವ ಅವಕಾಶ ಕೊಡುವ ಉಪಾಯ ಇದು. ಪದದ ಅರ್ಥ ಜಾರಿದ್ದು ಈ ಉಪಾಯದಲ್ಲಿ. ಮೈಸೂರು ಸಂಸ್ಥಾನದಲ್ಲೂ ದಿವಾನ ಸಿ. ರಂಗಾಚಾರ್ಲು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ ಮೊದಲು ಬಂದವರು ಚುನಾಯಿತರಲ್ಲ, ಜಮೀನುದಾರರ ಮತ್ತು ವ್ಯಾಪಾರಸ್ಥರ ನಡುವಿನಿಂದ ಗೊತ್ತುಪಡಿಸಿದವರು. ಹತ್ತು ವರ್ಷಗಳ ನಂತರ, 1891ರಲ್ಲಿ, ಅಲ್ಲಿ ಚುನಾವಣೆ ಬಂತು. ಪ್ರತಿನಿಧಿ ಎಂಬ ಹೆಸರು ಮೊದಲು, ಪ್ರಾತಿನಿಧ್ಯದ ಹಕ್ಕು ಆಮೇಲೆ. ಆ ಸಭೆಯ ಮಹತ್ವವನ್ನು ಇದು ಕುಗ್ಗಿಸುವುದಿಲ್ಲ. ಭಾರತೀಯ ಸಂಸ್ಥಾನವೊಂದರಲ್ಲಿ ಜನರ ಅಹವಾಲು ಕೇಳಲು ಏರ್ಪಟ್ಟ ಮೊದಲ ಇಂಥ ಸಭೆಯ ನೆಲೆಯನ್ನು ನೇರವಾಗಿ ಹೇಳುತ್ತದೆ, ಅಷ್ಟೆ.

ಇದಕ್ಕೆ ಆಕ್ಷೇಪಿಸುವವರು ಸಂವಿಧಾನವನ್ನೇ ಎತ್ತಿ ತೋರಿಸಬಹುದು. 80ನೆಯ ವಿಧಿ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಉಳ್ಳ 12 ಮಂದಿಯನ್ನು ರಾಜ್ಯಸಭೆಗೆ ರಾಷ್ಟ್ರಪತಿ ನಾಮನಿರ್ದೇಶನ ಮಾಡಬೇಕೆನ್ನುತ್ತದೆ. 171ನೆಯ ವಿಧಿ ವಿಧಾನ ಪರಿಷತ್ತಿಗೆ ರಾಜ್ಯಪಾಲರ ಮೂಲಕ ಇಂಥದೇ ದಾರಿ ಮಾಡಿ ಸಹಕಾರ ಚಳವಳಿಯನ್ನೂ ಸೇರಿಸುತ್ತದೆ. ಕರ್ನಾಟಕದ 75 ಸದಸ್ಯರ ಪರಿಷತ್ತಿನಲ್ಲಿ 11 ಸ್ಥಾನ ಹೀಗೆ ತುಂಬುವಂಥವು. ಮೈಸೂರಿನ ಆರ್.ಕೆ. ನಾರಾಯಣ್ 1986ರಲ್ಲಿ, ರಂಗಭೂಮಿಯ ಬಿ. ಜಯಶ್ರೀ 2010ರಲ್ಲಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ 2022ರಲ್ಲಿ, ಸುಧಾ ಮೂರ್ತಿ 2024ರಲ್ಲಿ ರಾಜ್ಯಸಭೆಗೆ ಹೋದದ್ದು ಈ ಬಾಗಿಲಿನಿಂದ. ನಾರಾಯಣ್ ಅವರು ಅಲ್ಲಿ ಮಕ್ಕಳ ಶಾಲಾಚೀಲದ ಭಾರದ ಬಗ್ಗೆ ಆಡಿದ ಮಾತು ಇಂದಿಗೂ ನೆನಪಾಗುತ್ತದೆ. ಮತ ಕೇಳುವ ಗೊಡವೆಯಿಲ್ಲದವರು ಆಡಬಲ್ಲ ಮಾತು ಅದು ಎಂದು ಈ ಪದ್ಧತಿಯನ್ನು ಸಮರ್ಥಿಸಲೂಬಹುದು. ನನ್ನ ತಕರಾರು ಪದ್ಧತಿಯ ಮೇಲಲ್ಲ. ಅದೇ ಸಂವಿಧಾನ ಚುನಾಯಿತರನ್ನೂ ನಾಮನಿರ್ದೇಶಿತರನ್ನೂ ಎಷ್ಟು ಎಚ್ಚರದಿಂದ ಬೇರ್ಪಡಿಸಿದೆ ಎಂಬುದನ್ನು ನೋಡಬೇಕು. ರಾಷ್ಟ್ರಪತಿ ಚುನಾವಣೆಯಲ್ಲಿ 54ನೆಯ ವಿಧಿಯಂತೆ ಚುನಾಯಿತ ಸದಸ್ಯರು ಮಾತ್ರ ಮತ ಹಾಕಬಹುದು. ಉಪರಾಷ್ಟ್ರಪತಿ ಚುನಾವಣೆಯಲ್ಲಿ ನಾಮನಿರ್ದೇಶಿತರಿಗೂ ಮತವಿದೆ. ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿ ನಾಮನಿರ್ದೇಶಿತರಿಗೆ ಪಕ್ಷ ಸೇರಲು ಆರು ತಿಂಗಳ ಅವಕಾಶ ಕೊಡುತ್ತದೆ. ಪಕ್ಷೇತರರಾಗಿ ಗೆದ್ದವರು ಒಂದು ದಿನದ ಮಟ್ಟಿಗೂ ಪಕ್ಷ ಸೇರುವಂತಿಲ್ಲ, ಏಕೆಂದರೆ ಅವರನ್ನು ಕಳಿಸಿದ ಮತದಾರರಿದ್ದಾರೆ. ಪೌರಸಂಸ್ಥೆಗಳಿಗೆ ನಾಮನಿರ್ದೇಶಿತರಾದ ತಜ್ಞರಿಗೆ ಸಭೆಯಲ್ಲಿ ಮತದಾನದ ಹಕ್ಕಿಲ್ಲವೆಂದು 243-ಆರ್ ವಿಧಿ ಹೇಳುತ್ತದೆ. ದೆಹಲಿಯ ಮೇಯರ್ ಚುನಾವಣೆಯ ವಿವಾದದಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ಇದನ್ನೇ ಎತ್ತಿಹಿಡಿಯಿತು. ಪುದುಚೇರಿಯ ವಿಧಾನಸಭೆಗೆ ಕೇಂದ್ರ ನೇಮಿಸಿದ ಮೂವರು ಮತ ಹಾಕಬಹುದೆಂದು ಅದೇ ನ್ಯಾಯಾಲಯ 2018ರಲ್ಲಿ ಹೇಳಿದ್ದೂ ಉಂಟು. ಪ್ರತಿ ಸಲವೂ ‘ನಾಮನಿರ್ದೇಶಿತರಿಗೆ ಮತವಿದೆಯೇ’ ಎಂದು ಪ್ರತ್ಯೇಕವಾಗಿ ಕೇಳಬೇಕಾಗಿ ಬರುವುದೇ ಈ ಸದಸ್ಯತ್ವದ ಬೇರು ಬೇರೆ ಎಂಬುದಕ್ಕೆ ಗುರುತು. ಲೋಕಸಭೆ ಮತ್ತು ವಿಧಾನಸಭೆಗಳಿಗೆ ಆಂಗ್ಲೋ-ಇಂಡಿಯನ್ನರನ್ನು ಹೆಸರಿಸುವ ಪದ್ಧತಿ 2020ರಲ್ಲಿ ನಿಂತುಹೋಯಿತು. ಕರ್ನಾಟಕ ವಿಧಾನಸಭೆಯ 225ನೆಯ ಸ್ಥಾನ ಹಾಗೆ ಇಲ್ಲವಾಯಿತು.

ಹೆಸರಿಸುವುದಕ್ಕೂ ನೇಮಿಸುವುದಕ್ಕೂ ನಡುವಿನ ಗೆರೆ ಇತರ ದೇಶಗಳ ಕಾನೂನಿನಲ್ಲಿ ಇನ್ನೂ ಸ್ಪಷ್ಟ. ಅಮೆರಿಕದ ಸಂವಿಧಾನದಲ್ಲಿ ಅಧ್ಯಕ್ಷರು ನ್ಯಾಯಾಧೀಶರನ್ನೂ ರಾಯಭಾರಿಗಳನ್ನೂ ಮೊದಲು ನಾಮಿನೇಟ್ ಮಾಡುತ್ತಾರೆ, ಸೆನೆಟ್ ಒಪ್ಪಿದ ಮೇಲೆ ನೇಮಿಸುತ್ತಾರೆ. 1803ರ ಮಾರ್ಬರಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೆಸರಿಸುವುದು, ನೇಮಿಸುವುದು, ಅಧಿಕಾರಪತ್ರ ಕೊಡುವುದು ಮೂರು ಬೇರೆ ಕ್ರಿಯೆಗಳೆಂದು ವಿಂಗಡಿಸಿತು. 1987ರಲ್ಲಿ ಅಧ್ಯಕ್ಷ ರೇಗನ್ ಸುಪ್ರೀಂ ಕೋರ್ಟಿಗೆ ಹೆಸರಿಸಿದ ರಾಬರ್ಟ್ ಬೋರ್ಕ್ ಅವರನ್ನು ಸೆನೆಟ್ 58–42 ಮತಗಳಿಂದ ತಿರಸ್ಕರಿಸಿತು. ಅವರು ನಾಮಿನಿ ಆಗಿದ್ದರು, ನ್ಯಾಯಮೂರ್ತಿ ಆಗಲಿಲ್ಲ. ರೋಮಿನಲ್ಲಿ ಆದದ್ದು ಇದಕ್ಕೆ ವಿರುದ್ಧ. ಕ್ರಿ.ಶ. 14ರಲ್ಲಿ ಪಟ್ಟಕ್ಕೆ ಬಂದ ತಿಬೇರಿಯಸ್ ಪ್ರೀಟರ್ ಹುದ್ದೆಗೆ 12 ಮಂದಿಯನ್ನು ಹೆಸರಿಸಿದ. ಅವನು ‘ಶಿಫಾರಸು’ ಮಾಡಿದ ನಾಲ್ವರು ಮಾತ್ರ ಸೋಲಿನ ಭಯವಿಲ್ಲದೆ ಆಯ್ಕೆಯಾಗುವವರು ಎಂದು ಟ್ಯಾಸಿಟಸ್ ದಾಖಲಿಸಿದ್ದಾನೆ. ಚಕ್ರವರ್ತಿಯ ಬಾಯಿಂದ ಬಂದ ಹೆಸರನ್ನು ತಳ್ಳಿಹಾಕುವವರು ಯಾರು? ಬಿಳಿಯುಡುಗೆಯ ಅಭ್ಯರ್ಥಿ ಅಲ್ಲಿ ಉಳಿದ, ಸ್ಪರ್ಧೆ ಹೋಯಿತು. ನಮ್ಮ ಪಕ್ಷಗಳ ಟಿಕೆಟ್ ಹಂಚಿಕೆಯನ್ನೂ ಈ ಬೆಳಕಿನಲ್ಲಿ ನೋಡಬಹುದು. ಅಮೆರಿಕದ ಪಕ್ಷಗಳಲ್ಲಿ ಅಭ್ಯರ್ಥಿಯನ್ನು ಸದಸ್ಯರೂ ಬೆಂಬಲಿಗರೂ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಿ ಆರಿಸುತ್ತಾರೆ, ಅದಕ್ಕೇ ಅಲ್ಲಿ ನಾಮಿನೇಶನ್ ಎಂದು ಹೆಸರು. ನಮ್ಮಲ್ಲಿ ಅದನ್ನು ಹೈಕಮಾಂಡ್ ‘ಕೊಡುತ್ತದೆ’, ಅಭ್ಯರ್ಥಿ ‘ಪಡೆಯುತ್ತಾನೆ’. ಜನ ಅದನ್ನು ನಾಮನಿರ್ದೇಶನ ಎನ್ನದೆ ಟಿಕೆಟ್ ಎಂದು ಕರೆದದ್ದು ತುಂಬ ಸರಿಯಾಗಿದೆ.

ಬ್ಯಾಂಕು ಮತ್ತು ವಿಮೆಯ ಲೋಕದಲ್ಲಿ ಇದೇ ಗೊಂದಲ ಮನೆಮನೆಯ ಜಗಳವಾಗುತ್ತದೆ. ಖಾತೆಯಲ್ಲಿ ನಾಮಿನಿ ಎಂದು ಹೆಸರು ಬರೆಸಿದರೆ ಹಣ ಅವರದೇ ಎಂಬ ನಂಬಿಕೆ ವ್ಯಾಪಕ. ಸುಪ್ರೀಂ ಕೋರ್ಟು 1984ರ ಸರ್ಬತಿ ದೇವಿ ಪ್ರಕರಣದಲ್ಲಿ, ಜೀವವಿಮೆಯ ನಾಮಿನಿಯು ಹಣವನ್ನು ಪಡೆದುಕೊಳ್ಳಲು ಅಧಿಕಾರವುಳ್ಳವರು ಮಾತ್ರ, ಒಡೆತನ ಉತ್ತರಾಧಿಕಾರದ ಕಾನೂನಿನಂತೆ ವಾರಸುದಾರರಿಗೆ ಸೇರುತ್ತದೆ ಎಂದಿತು. ಕಂಪನಿಗಳ ಷೇರುಗಳ ವಿಷಯದಲ್ಲಿ 2023ರಲ್ಲೂ ಅದೇ ನಿಲುವನ್ನು ತಳೆಯಿತು. 2015ರ ತಿದ್ದುಪಡಿಯ ನಂತರ ವಿಮೆಯಲ್ಲಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದರೆ ಅವರು ಹಣದ ಫಲಾನುಭವಿಗಳೂ ಆಗುತ್ತಾರೆ ಎಂಬ ವಿನಾಯಿತಿ ಬಂದಿದೆ. ಇದು ನನ್ನ ವಾದಕ್ಕೆ ಅಡ್ಡ ಬರುವಂತೆ ಕಂಡರೂ, ಒಡೆತನ ಕೊಡಬೇಕೆಂದಾಗ ಶಾಸಕಾಂಗವು ನಾಮಿನಿ ಎಂಬ ಪದ ಸಾಲದೆಂದು ಬೇರೆಯೇ ಮಾತು ಸೇರಿಸಬೇಕಾಯಿತು ಎಂಬುದು ಇಲ್ಲಿ ಮುಖ್ಯ.

ಪ್ರಶಸ್ತಿಗಳ ವಿಷಯದಲ್ಲಿ ಕನ್ನಡ ಪತ್ರಿಕೆಗಳು ಈ ಪದವನ್ನು ಅತಿ ಸಡಿಲವಾಗಿ ಬಳಸುತ್ತವೆ. ನೊಬೆಲ್ ಶಾಂತಿ ಪ್ರಶಸ್ತಿಗೆ ಸಂಸತ್ ಸದಸ್ಯರು, ಹಲವು ವಿಷಯಗಳ ಪ್ರಾಧ್ಯಾಪಕರು, ಹಿಂದಿನ ಪುರಸ್ಕೃತರು ಹೆಸರು ಸೂಚಿಸಬಹುದು. ತಮ್ಮ ಹೆಸರನ್ನು ತಾವೇ ಸೂಚಿಸುವಂತಿಲ್ಲ. ಸೂಚಿತ ಹೆಸರುಗಳನ್ನು ಸಮಿತಿ 50 ವರ್ಷ ಗುಟ್ಟಾಗಿಡುತ್ತದೆ. ಗಾಂಧೀಜಿಯ ಹೆಸರು 1937, 1938, 1939, 1947 ಮತ್ತು 1948ರಲ್ಲಿ ಸೂಚಿತವಾಗಿತ್ತು, ಪ್ರಶಸ್ತಿ ಬರಲಿಲ್ಲ. 1939ರಲ್ಲಿ ಹಿಟ್ಲರನ ಹೆಸರನ್ನೂ ಒಬ್ಬ ಸಂಸದ ಸೂಚಿಸಿ ಹಿಂತೆಗೆದುಕೊಂಡ. ಆದ್ದರಿಂದ ‘ನೊಬೆಲ್‌ಗೆ ನಾಮನಿರ್ದೇಶನಗೊಂಡವರು’ ಎಂಬ ಹೊಗಳಿಕೆ ಹೆಸರಿಸಿದವರ ಬಗ್ಗೆ ಹೇಳುವಷ್ಟು ಹೆಸರಿಸಿಕೊಂಡವರ ಬಗ್ಗೆ ಹೇಳುವುದಿಲ್ಲ. ಆಸ್ಕರ್‌ನಲ್ಲಿ ಇದಕ್ಕೆ ವಿರುದ್ಧ ಸ್ಥಿತಿ: ಅಲ್ಲಿ ನಾಮಿನೇಶನ್ ಎಂಬುದೇ ಅಕಾಡೆಮಿಯ ಸದಸ್ಯರ ಮತದಿಂದ ಬರುವ ಗೌರವ. ‘ಮದರ್ ಇಂಡಿಯಾ’, ‘ಸಲಾಂ ಬಾಂಬೆ’, ‘ಲಗಾನ್’ ಅದನ್ನು ವಿದೇಶಿ ಭಾಷಾ ಚಿತ್ರಗಳ ವಿಭಾಗದಲ್ಲಿ ಪಡೆದವು. 2023ರಲ್ಲಿ ‘ಕಾಂತಾರ’ ಸೇರಿದ್ದು 301 ಚಿತ್ರಗಳ ಅರ್ಹತಾ ಪಟ್ಟಿಗೆ. ಮೈಸೂರಿನ ಚಿದಾನಂದ ನಾಯಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದು ಆಸ್ಕರ್ ಸ್ಪರ್ಧೆಗೆ ಅರ್ಹವಾಯಿತು. ಎರಡೂ ಹೆಮ್ಮೆಯ ಸಂಗತಿಗಳೇ. ಅವನ್ನು ‘ಆಸ್ಕರ್‌ಗೆ ನಾಮನಿರ್ದೇಶನ’ ಎಂದು ಬರೆಯುವುದು ತಪ್ಪು. ‘ಅರ್ಹತೆ ಪಡೆದಿದೆ’ ಎಂದರೆ ಸಾಕು. ಪದ್ಮ ಪ್ರಶಸ್ತಿಗಳಿಗೆ ಈಗ ಯಾವ ನಾಗರಿಕರೂ ಆನ್‌ಲೈನಿನಲ್ಲಿ ಹೆಸರು ಸೂಚಿಸಬಹುದು, ತಮ್ಮದೇ ಹೆಸರನ್ನು ಕೂಡ. ಸೂಚಿಸುವ ಹಕ್ಕು ಅಧಿಕಾರಿಗಳ ಮೇಜಿನಿಂದ ಇಳಿದು ಊರಿನ ತನಕ ಬಂದದ್ದು ಒಳ್ಳೆಯ ಬದಲಾವಣೆ. ಆದರೆ ತನ್ನನ್ನು ತಾನೇ ಹೆಸರಿಸಿಕೊಂಡದ್ದಕ್ಕೆ ಕನ್ನಡದಲ್ಲಿ ಆಗಲೇ ‘ಅರ್ಜಿ’ ಎಂಬ ಪದವಿದೆ.

ವ್ಯಾಕರಣದ ಒಂದು ಸಣ್ಣ ಸಂಗತಿ ಈ ಎಲ್ಲ ಗೊಂದಲಕ್ಕೂ ನೀರೆರೆಯುತ್ತಿದೆ. ‘ನಾಮನಿರ್ದೇಶನ ಮಾಡಿದರು’ ಎಂದರೆ ಮಾಡಿದವರು ವಾಕ್ಯದಲ್ಲಿ ಕಾಣಿಸಬೇಕು. ‘ನಾಮನಿರ್ದೇಶನಗೊಂಡರು’ ಎಂದರೆ ಅವರು ಮರೆಯಾಗುತ್ತಾರೆ. ಹೆಸರು ತಾನಾಗಿ ಅರಳಿತೇನೋ ಎಂಬಂತೆ ವಾಕ್ಯ ಮುಗಿಯುತ್ತದೆ. ಸರಕಾರಿ ಪ್ರಕಟಣೆಗಳಿಗೂ ಸುದ್ದಿಮನೆಗಳಿಗೂ ಈ ‘ಗೊಳ್ಳು’ ಬಹಳ ಅನುಕೂಲ. ‘ಪರಿಷತ್ತಿಗೆ ಐವರು ನಾಮನಿರ್ದೇಶನಗೊಂಡಿದ್ದಾರೆ’ ಎಂಬಲ್ಲಿ ಓದುಗರಿಗೆ ತಿಳಿಯಬೇಕಾದದ್ದು ಸಚಿವ ಸಂಪುಟ ಹೆಸರು ಕಳಿಸಿತು, ರಾಜ್ಯಪಾಲರು ಒಪ್ಪಿದರು ಎಂಬ ಎರಡು ಕ್ರಿಯೆಗಳು. ತಿಳಿಯುವುದು ಐದು ಹೆಸರುಗಳು ಮಾತ್ರ. ಹೀಗೆ ಬರೆಯಬಹುದು: ಸಂಪುಟ ಶಿಫಾರಸು ಮಾಡಿದ ಐವರನ್ನು ರಾಜ್ಯಪಾಲರು ಪರಿಷತ್ತಿಗೆ ನೇಮಿಸಿದರು. ಚುನಾವಣೆಯ ಸುದ್ದಿಯಲ್ಲಿ ಸೂಚಕರ ಹೆಸರನ್ನು ಒಂದು ಸಾಲಿನಲ್ಲಾದರೂ ಕಾಣಿಸಬಹುದು, ಏಕೆಂದರೆ ಕಾಯ್ದೆ ಅವರನ್ನೂ ನಾಮಪತ್ರವನ್ನು ತಂದು ಒಪ್ಪಿಸಬಲ್ಲವರೆಂದು ಹೆಸರಿಸಿದೆ: ಅಭ್ಯರ್ಥಿ ಖುದ್ದಾಗಿ ಬರಲಿ, ಅಥವಾ ಅವರ ಸೂಚಕರು ಬರಲಿ, ಚುನಾವಣಾಧಿಕಾರಿ ಅದನ್ನು ತೆಗೆದುಕೊಳ್ಳಲೇಬೇಕು.